ಬ ಅಕ್ಷರದ ಮುಂದೆ

ನಾನು ಭಾಲ್ಕಿಯವನು. ಇಷ್ಟು ಹೇಳಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದು ನೀವೀಗ ಕೇಳಿದಿರಿ. 'ಭಾ' ಅನ್ನುವಲ್ಲಿ ಮುಚ್ಚಿದ ತುಟಿ ತೆರೆಯಲಿಲ್ಲ. ನಿಮ್ಮ ರೇಡಿಯೋ ಕೆಟ್ಟಿಲ್ಲ, ಪ್ರಸಾರವೂ ನಿಂತಿಲ್ಲ. ಮಾತಾಡುತ್ತಿರುವವನಿಗೆ ಉಗ್ಗು ಇದೆ, ಅಷ್ಟೇ. ಧ್ವನಿಮುದ್ರಣಕ್ಕೆ ಕೂರುವ ಮೊದಲು ನಿಲಯದವರನ್ನು ಒಂದೇ ಮಾತು ಕೇಳಿಕೊಂಡೆ: ನಾನು ನಿಂತ ಜಾಗಗಳನ್ನು ಕತ್ತರಿಸಬೇಡಿ. ಸದ್ದಿಲ್ಲದೆ ಹೋದರೆ ಕೇಳುಗರು ಗಾಬರಿಯಾಗುತ್ತಾರಲ್ಲ ಎಂದು ಅವರು ಯೋಚಿಸಿದರು, ಆಮೇಲೆ ಒಪ್ಪಿದರು. ಅವರಿಗೆ ನನ್ನ ವಂದನೆ.

ಎಲ್ಲ ಅಕ್ಷರಗಳೂ ನನ್ನನ್ನು ಕಾಡುವುದಿಲ್ಲ. ಸ್ವರಗಳು ಹೆಚ್ಚಾಗಿ ದಾರಿ ಬಿಡುತ್ತವೆ. ತುಟಿ ಮುಚ್ಚಿ ತೆರೆಯಬೇಕಾದ ಪ, ಬ, ಭ ಬಂದರೆ ಉಸಿರು ಒಳಗೇ ಸಿಕ್ಕಿಕೊಳ್ಳುತ್ತದೆ. ನಾನು ಹುಟ್ಟಿದ ಜಿಲ್ಲೆ ಬೀದರ, ತಾಲ್ಲೂಕು ಭಾಲ್ಕಿ, ನೆರೆಯ ತಾಲ್ಲೂಕು ಬಸವಕಲ್ಯಾಣ. ಮನೆಯವರು ಪ್ರೀತಿಯಿಂದ ಇಟ್ಟ ಹೆಸರೂ ಬಸವಣ್ಣನವರದೇ. ಯಾರು ಹೆಸರು ಕೇಳಿದರೂ ಊರು ಕೇಳಿದರೂ ಬಾಯಿಗಿಂತ ಮೊದಲು ಅಂಗೈ ಬೆವರುತ್ತಿತ್ತು.

ಕಾಲೇಜು ಓದುವಾಗ ಬೀದರಿನ ಹಾಸ್ಟೆಲಿನಲ್ಲಿದ್ದೆ. ಶನಿವಾರ ರೈಲಿಗೆ ಊರಿಗೆ ಹೋಗುವ ರೂಢಿ. ಬೀದರ ಬಿಟ್ಟರೆ ಹಾಲಬರ್ಗಾ, ಭಾಲ್ಕಿ, ಕಮಲನಗರ, ಆಮೇಲೆ ಮಹಾರಾಷ್ಟ್ರದ ಉದಗೀರ. ಟಿಕೆಟ್ ಕಿಟಕಿಯ ಸಾಲಿನಲ್ಲಿ ನಿಂತು 'ಭಾಲ್ಕಿ ಒಂದು, ಭಾಲ್ಕಿ ಒಂದು' ಎಂದು ಮನಸ್ಸಿನೊಳಗೆ ಹೇಳಿಕೊಳ್ಳುತ್ತಿದ್ದೆ. ಒಳಗೆ ಎಷ್ಟು ಸಲೀಸಾಗಿ ಬರುತ್ತಿತ್ತು! ಒಂದು ಸಲ ನನ್ನ ಪಾಳಿ ಬಂತು. ಕಿಟಕಿಯೊಳಗಿಂದ "ಕಹಾಂ?" ಎಂದರು. ತುಟಿ ಕಚ್ಚಿಕೊಂಡಿತು. ಗದ್ದ ನಡುಗಿತು, ಕಣ್ಣು ತಾನಾಗಿಯೇ ಮುಚ್ಚಿತು. ಹಿಂದಿನಿಂದ ಯಾರೋ "ಏ, ಜಲ್ದಿ ಹೇಳೋ, ಗಾಡಿ ಬಂತು" ಎಂದು ಬೆನ್ನಿಗೆ ಕೈ ಹಾಕಿ ನೂಕಿದರು. ನನ್ನ ಬಾಯಿಂದ ಹೊರಬಿದ್ದ ಊರು, "ಉದಗೀರ."

ಉದಗೀರದ ಟಿಕೆಟ್ ತೆಗೆದುಕೊಂಡು ಭಾಲ್ಕಿಯಲ್ಲಿ ಇಳಿದೆ. ಸ್ವರದಿಂದ ಶುರುವಾಗುವ ಊರು, ತುಟಿ ಮುಚ್ಚುವ ಕೆಲಸವಿಲ್ಲ. ಅವತ್ತಿನಿಂದ ಡಿಗ್ರಿ ಮುಗಿಯುವ ತನಕ, ಗುಂಪು ಹೆಚ್ಚಿದ್ದ ದಿನವೆಲ್ಲ ನಾನು ಉದಗೀರಕ್ಕೇ ಟಿಕೆಟ್ ಕೊಂಡೆ. ಬಸ್ಸಾದರೆ ಬೇರೆ ಉಪಾಯವಿತ್ತು, ಭಾಲ್ಕಿಯ ಚಾರ್ಜಿನಷ್ಟೇ ಚಿಲ್ಲರೆ ಎಣಿಸಿಟ್ಟುಕೊಂಡು ಮಾತಿಲ್ಲದೆ ಕಂಡಕ್ಟರನ ಕೈಗೆ ಕೊಟ್ಟುಬಿಡುವುದು. ಹಣ ನೋಡಿ ಆತನೇ ಊರು ತಿಳಿದುಕೊಳ್ಳಬೇಕು.

ಉಗ್ಗುವವರು ದಡ್ಡರು ಎಂದುಕೊಂಡವರಿಗೆ ಇದೊಂದು ತಿಳಿಯಲಿ. ಮಾತಾಡುವಾಗ ನಾವು ಎರಡು ಮೂರು ಶಬ್ದ ಮುಂದೆ ನೋಡಿಕೊಂಡೇ ನಡೆಯುತ್ತೇವೆ. ಕಷ್ಟದ ಶಬ್ದ ಬರುತ್ತಿದೆ ಎಂದು ಕಂಡ ಕೂಡಲೇ ಅದೇ ಅರ್ಥದ ಇನ್ನೊಂದನ್ನು ಹುಡುಕಿ ಕೂರಿಸುತ್ತೇವೆ. ಬೇಸಿಗೆ ಎನ್ನಲಾಗದಿದ್ದರೆ ಸೆಖೆಗಾಲ, ಬುತ್ತಿ ಎನ್ನಲಾಗದಿದ್ದರೆ ಊಟದ ಡಬ್ಬಿ. ಕೇಳುವವರಿಗೆ ಏನೂ ಗೊತ್ತಾಗುವುದಿಲ್ಲ. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಹೊಲದಲ್ಲಿ ಬಂಧುಬಳಗವೆಲ್ಲ ಕೂತು ಉಣ್ಣುವಾಗ, ಭಜ್ಜಿ ಬೇಕು ಅಂತ ಬಾಯಲ್ಲಿ ನೀರೂರಿದರೂ ನಾನು ಕೇಳಿದ್ದು ಅಂಬಲಿ. ಕಾಳು, ಕಾಯಿಪಲ್ಲೆ ಎಲ್ಲ ಹಾಕಿ ಕುದಿಸಿದ ಆ ಭಜ್ಜಿಗಾಗಿ ಬೀದರ ಜಿಲ್ಲೆಯವರು ವರ್ಷವಿಡೀ ಕಾಯುತ್ತಾರೆ. ನಮ್ಮ ಕಾಕು ತಂಬಿಗೆ ತುಂಬ ಅಂಬಲಿ ಸುರಿದಳು. "ಇಂವಂಗ ಅಂಬಲಿ ಅಂದ್ರ ಭಾಳ ಸೇರತದ" ಎಂದು ವರ್ಷವರ್ಷವೂ ಹಾಗೇ ಸುರಿಯುತ್ತ ಬಂದಳು. ಸಣ್ಣ ವಿಷಯವೆನ್ನಿಸಬಹುದು. ಆದರೆ ದಿನಕ್ಕೆ ಹತ್ತು ಸಲ ಹೀಗಾದರೆ ಮನುಷ್ಯ ತನಗೆ ಬೇಕಾದದ್ದನ್ನು ಬಿಟ್ಟು ನಾಲಿಗೆಗೆ ಬರುವುದನ್ನು ಕೇಳಿ ಬದುಕುವುದನ್ನು ಕಲಿತುಬಿಡುತ್ತಾನೆ. ಹುಡುಗಿಯರಿಗೆ ಇದು ಇನ್ನೂ ಕ್ರೂರ. ನಮ್ಮ ಬಳಗದಲ್ಲೇ ಒಬ್ಬ ಅಕ್ಕನಿಗೆ, ಕನ್ಯಾ ನೋಡಲು ಬಂದವರ ಮುಂದೆ ಬಾಯಿ ತೆರೆಯಬೇಡ ಎಂದು ಮನೆಯವರು ಹೇಳಿ ಕೂರಿಸಿದರು. "ಹುಡುಗಿ ಭಾಳ ಶಾಂತ ಅದಾಳ" ಎಂದು ಬಂದವರು ಮೆಚ್ಚಿ ಹೋದರು. ಮದುವೆಯಾದ ಮೇಲೆ ಆಕೆ ಎಷ್ಟು ವರ್ಷ ಹೆದರಿಕೊಂಡೇ ಮಾತಾಡಿದಳೋ, ಅದು ಆಕೆಗೇ ಗೊತ್ತು.

ಮುಚ್ಚಿಡುವುದರ ಬಗ್ಗೆ ಭಾಲ್ಕಿಯವರಿಗೆ ಒಂದು ಹೆಮ್ಮೆಯ ನೆನಪಿದೆ. ನಿಜಾಮರ ಆಡಳಿತದಲ್ಲಿ ಇಲ್ಲಿ ಶಿಕ್ಷಣವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ಆಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ನಾನು ಚಿಕ್ಕವನಿದ್ದಾಗ ಈ ಕಥೆಯನ್ನು ನಮ್ಮ ಮುತ್ಯಾ ಹೇಳಿದಾಗಲೆಲ್ಲ ನನಗೆ ನನ್ನದೇ ಕಥೆ ಎನ್ನಿಸುತ್ತಿತ್ತು, ಹೊರಗೊಂದು ಶಬ್ದ, ಒಳಗೊಂದು ಶಬ್ದ. ದೊಡ್ಡವನಾದ ಮೇಲೆ ವ್ಯತ್ಯಾಸ ಕಂಡಿತು. ಪಟ್ಟದ್ದೇವರು ಮುಚ್ಚಿಟ್ಟದ್ದು ನುಡಿಯನ್ನು ಉಳಿಸಲಿಕ್ಕೆ. ನಾನು ಮುಚ್ಚಿಟ್ಟಷ್ಟೂ ನನ್ನ ನುಡಿ ಕಡಿಮೆಯಾಗುತ್ತ ಬಂತು.

ನನಗೆ ಉಗ್ಗು ಬಂದದ್ದು ಹೇಗೆಂದು ಮನೆಯಲ್ಲಿ ಎಲ್ಲರಿಗೂ ಖಚಿತವಿತ್ತು: ನಮ್ಮ ಮಾಮಾನನ್ನು ಅಣಕಿಸಿ ಅಣಕಿಸಿ ಬಂತು. ಅವ್ವನ ತಮ್ಮನಿಗೂ ಮಾತು ನಿಲ್ಲುತ್ತಿತ್ತು. ಮಾಮಾ ಬಂದರೆ ನನ್ನನ್ನು ಹೊಲಕ್ಕೆ ಕಳಿಸಿಬಿಡುತ್ತಿದ್ದರು. ಪಾಪ, ಅವನು ತನ್ನಿಂದಲೇ ಅಕ್ಕನ ಮಗ ಹಾಳಾದ ಎಂಬ ಕೊರಗಿನಲ್ಲೇ ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದ. ಅಣಕಿಸಿದರೆ ಉಗ್ಗು ಅಂಟುವುದಿಲ್ಲ. ಅದು ರಕ್ತಸಂಬಂಧದಲ್ಲಿ ಬರುವುದುಂಟು. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿ ಡೆನಿಸ್ ಡ್ರೇನಾ ಮತ್ತು ಅವರ ಜೊತೆಗಾರರು, ಉಗ್ಗು ತಲೆಮಾರುಗಳಿಂದ ಬಂದ ಪಾಕಿಸ್ತಾನದ ಕುಟುಂಬಗಳನ್ನು ಪರೀಕ್ಷಿಸಿ, ಅದಕ್ಕೆ ಸಂಬಂಧಪಟ್ಟ ಮೂರು ಜೀನುಗಳನ್ನು ಗುರುತಿಸಿದರು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಮಾಮಾ. ಅವನಿಗೆ ಹೇಳಬೇಕೆಂದರೆ ಅವನಿರಲಿಲ್ಲ.

ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ, ಮಗು ಉದ್ದುದ್ದ ಮಾತಾಡಲು ಕಲಿಯುವಾಗ ಕಾಣಿಸಿಕೊಳ್ಳುತ್ತದೆ. 100 ಮಕ್ಕಳಲ್ಲಿ ಸುಮಾರು 5 ಮಕ್ಕಳು ಯಾವಾಗಲಾದರೂ ಉಗ್ಗುತ್ತಾರೆ. ಅವರಲ್ಲಿ ಬಹಳ ಮಕ್ಕಳಿಗೆ ಅದು ಬಿಟ್ಟುಹೋಗುತ್ತದೆ. ದೊಡ್ಡವರಲ್ಲಿ ಉಳಿಯುವುದು 100ಕ್ಕೆ ಸುಮಾರು ಒಬ್ಬರಿಗೆ, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು. 2011ರ ಜನಗಣತಿಯಲ್ಲಿ ಬೀದರ ಜಿಲ್ಲೆಯ ಜನಸಂಖ್ಯೆ 17 ಲಕ್ಷ. ಆ ಲೆಕ್ಕ ಹಿಡಿದರೆ ನಮ್ಮ ಜಿಲ್ಲೆಯೊಂದರಲ್ಲೇ ನನ್ನಂಥವರು ಹದಿನೇಳು ಸಾವಿರದ ಹತ್ತಿರ ಇರಬೇಕು. ನೀವು ಎಷ್ಟು ಮಂದಿಯನ್ನು ಕಂಡಿದ್ದೀರಿ? ಕಂಡಿರಲಾರಿರಿ. ಏಕೆಂದರೆ ಅವರು ಸುಮ್ಮನಿದ್ದಾರೆ.

ಮೆದುಳಿನಲ್ಲಿ ಮಾತಿನ ಯೋಜನೆಗೂ ಅದನ್ನು ನಡೆಸುವ ಸ್ನಾಯುಗಳಿಗೂ ನಡುವಿನ ಹೊಂದಾಣಿಕೆ ನಮ್ಮಲ್ಲಿ ಸ್ವಲ್ಪ ಬೇರೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ, ನಾಲಿಗೆಯ ದಪ್ಪಕ್ಕೂ ಸಂಬಂಧವಿಲ್ಲ. ಹೆದರಿಕೆಯಿಂದ ಉಗ್ಗು ಹುಟ್ಟುವುದಿಲ್ಲ, ಇದ್ದದ್ದು ಹೆಚ್ಚಾಗುತ್ತದೆ. ಇದೇನೂ ಗೊತ್ತಿಲ್ಲದ ಅವ್ವ ನನಗೆ ಬಜೆ ಬೇರು ತೇಯ್ದು ಜೇನುತುಪ್ಪದಲ್ಲಿ ಕಲಸಿ ನಾಲಿಗೆಗೆ ಹಚ್ಚಿದಳು. ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಹರಕೆ ಹೊತ್ತಳು. ಬೀದರಿನ ಝರಣಿ ನರಸಿಂಹನ ಗವಿಯಲ್ಲಿ, ಎದೆಮಟ್ಟದ ನೀರಿನೊಳಗೆ ನನ್ನನ್ನು ಹೆಗಲ ಮೇಲೆ ಹೊತ್ತು ನಡೆದಳು. ಅವಳ ಹೆಗಲ ಮೇಲಿದ್ದಾಗ ಅವಳು ಗಳಿಗೆಗೊಮ್ಮೆ "ನನ್ನ ಕೂಸಿಗಿ ಮಾತು ಕೊಡಪ್ಪಾ" ಅನ್ನುತ್ತಿದ್ದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮನಸ್ಸು ನನಗಿಲ್ಲ. ಅವಳ ಕೈಲಿ ಇದ್ದದ್ದು ಅಷ್ಟೇ, ಅದೆಲ್ಲವನ್ನೂ ಅವಳು ಮಾಡಿದಳು.

ನನಗೆ ಸಿಟ್ಟು ಬರುವುದು ಬೇರೆಯವರ ಮೇಲೆ. ಹತ್ತು ದಿನದಲ್ಲಿ ತೊದಲು ಮಾಯ ಎಂಬ ಜಾಹೀರಾತು ನೋಡಿ ಅಪ್ಪ ನನ್ನನ್ನು ದೂರದ ಊರಿಗೆ ಕರೆದುಕೊಂಡು ಹೋದ. ಒಂದು ಹಂಗಾಮಿನ ತೊಗರಿ ಮಾರಿದ ರೊಕ್ಕ ಅಲ್ಲಿ ಕಟ್ಟಿದ. ಅಲ್ಲಿ ಪ್ರತಿ ಅಕ್ಷರವನ್ನೂ ಎಳೆದೆಳೆದು, ತೊಟ್ಟಿಲು ತೂಗುವ ಲಯದಲ್ಲಿ ಮಾತಾಡಲು ಕಲಿಸಿದರು. ಹಾಗೆ ಮಾತಾಡಿದರೆ ಹೆಚ್ಚಿನವರ ಉಗ್ಗು ಆ ಹೊತ್ತಿಗೆ ನಿಲ್ಲುತ್ತದೆ. ಊರಿಗೆ ಬಂದು ಎರಡು ವಾರ ನಾನು ನಿರರ್ಗಳವಾಗಿ ಮಾತಾಡಿದೆ, ಅಪ್ಪ ಓಣಿಗೆಲ್ಲ ಪೇಢೆ ಹಂಚಿದ. ಮೂರನೇ ವಾರ ಉಗ್ಗು ತಿರುಗಿ ಬಂತು. ಅಪ್ಪ ಏನೂ ಅನ್ನಲಿಲ್ಲ. ತಪ್ಪು ನನ್ನದೇ, ಅಭ್ಯಾಸ ಬಿಟ್ಟೆ ಎಂದು ನಾನೇ ಅಂದುಕೊಂಡೆ. ಅಂಥ ಅಂಗಡಿಗಳು ಇವತ್ತಿಗೂ ಇವೆ, ಈಗ ಮೊಬೈಲಿನಲ್ಲೂ ಬಂದಿವೆ. ದಿನ ಎಣಿಸಿ ಗುಣಪಡಿಸುತ್ತೇವೆ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಓಣಿಯಲ್ಲಿ ನನಗೆ ಮೂರು ಹೆಸರಿದ್ದವು. ಉರ್ದು ಮನೆಗಳ ಹುಡುಗರು ಹಕಲಾ ಅನ್ನುತ್ತಿದ್ದರು, ಮರಾಠಿಯವರು ತೋತರಾ, ನಮ್ಮವರು ಉಗ್ಗ. ಮೂರು ಭಾಷೆ ಕೂಡಿ ಬಾಳುವ ಊರಿನ ಹುಡುಗನಿಗೆ ಬೈಗುಳವೂ ಮೂರು ಭಾಷೆಯಲ್ಲಿ ಸಿಗುತ್ತದೆ. ಆದರೆ ಒಂದು ಜಾಗದಲ್ಲಿ ಆ ಮೂರೂ ಹೆಸರು ಇರಲಿಲ್ಲ. ಸೋಮವಾರ ರಾತ್ರಿ ಗುಡಿಯಲ್ಲಿ ಭಜನೆ. ತಾಳ ಹಾಕಿಕೊಂಡು ಹತ್ತು ಜನರ ಜೊತೆ ವಚನ ಹಾಡುವಾಗ ನನ್ನ ಬಾಯಿ ಒಮ್ಮೆಯೂ ತಡೆಯುತ್ತಿರಲಿಲ್ಲ. ಬಸವ ಎಂಬ ಶಬ್ದ ಎಷ್ಟು ಸಲ ಬಂದರೂ ಸರಾಗ. ಇದು ದೇವರ ಮಹಿಮೆ ಎಂದರು ಹಿರಿಯರು. ಉಗ್ಗುವವರಲ್ಲಿ ಬಹುತೇಕ ಎಲ್ಲರೂ ಹಾಡುವಾಗ, ಇನ್ನೊಬ್ಬರ ಜೊತೆ ದನಿಗೂಡಿಸಿ ಓದುವಾಗ, ದನಕರುಗಳೊಡನೆ ಮಾತಾಡುವಾಗ ಸಲೀಸಾಗಿರುತ್ತಾರೆ. ಹೊರಗಿನ ತಾಳವೊಂದು ಸಿಕ್ಕರೆ ಮೆದುಳು ಅದನ್ನು ಹಿಡಿದುಕೊಂಡು ನಡೆಯುತ್ತದೆ. ಮೂರ್ನಾಲ್ಕು ಜನರೊಡನೆ ಮಾತಾಡುವಾಗ ಆ ತಾಳ ಇರುವುದಿಲ್ಲ.

ನನ್ನ ದಾರಿ ತಿರುಗಿದ್ದು ಹೈದರಾಬಾದಿನಲ್ಲಿ. ಗೆಳೆಯನೊಬ್ಬ ಒತ್ತಾಯ ಮಾಡಿ ಒಬ್ಬ ವಾಕ್ ಚಿಕಿತ್ಸಕಿಯ ಹತ್ತಿರ ಕರೆದುಕೊಂಡು ಹೋದ. ಆಕೆ ನನ್ನ ಮಾತು ಪೂರ್ತಿ ಕೇಳಿದರು. ನಡುವೆ ಒಂದು ಶಬ್ದವನ್ನೂ ಹೇಳಿಕೊಡಲಿಲ್ಲ, ಕಣ್ಣನ್ನೂ ಬೇರೆ ಕಡೆ ತಿರುಗಿಸಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ನನ್ನನ್ನು ಕೇಳಿದವರು ಅವರೇ ಮೊದಲು. ಆಮೇಲೆ ನಮ್ಮ ಸೀಮೆಯವರೆಲ್ಲರಿಗೂ ತಿಳಿಯುವ ದಖನಿಯಲ್ಲಿ ಹೇಳಿದರು: "ಲಫ್ಜ್ ಸೇ ಲಡೋ ನಕ್ಕೋ, ಬೇಟಾ." ಶಬ್ದದ ಜೊತೆ ಜಗಳ ಆಡಬೇಡ.

ಅವರು ಕಲಿಸಿದ್ದು ಉಗ್ಗನ್ನು ಅಡಗಿಸುವ ವಿದ್ಯೆಯಲ್ಲ, ಹಗುರಾಗಿ ಉಗ್ಗುವ ವಿದ್ಯೆ. ಇದರ ಹಿಂದೆ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಎಂಬ ಹಿರಿಯರಿದ್ದಾರೆ. 1905ರಲ್ಲಿ ಹುಟ್ಟಿದ ಅವರು ಸ್ವತಃ ತೀವ್ರವಾಗಿ ಉಗ್ಗುತ್ತಿದ್ದವರು. ಶಬ್ದ ಸಿಕ್ಕಿಕೊಂಡರೆ ತಳ್ಳಬೇಡ, ಓಡಿಹೋಗಲೂ ಬೇಡ. ಮೊದಲ ಹಂತದಲ್ಲಿ ಆ ಶಬ್ದ ಹೇಗೋ ಮುಗಿದ ಮೇಲೆ ಸ್ವಲ್ಪ ನಿಂತು ಅದನ್ನೇ ಇನ್ನೊಮ್ಮೆ ಹಗುರಾಗಿ ಹೇಳು. ಆಮೇಲೆ ಸಿಕ್ಕಿಕೊಂಡಿರುವಾಗಲೇ ಬಿಗಿ ಸಡಿಲಿಸಿ ಮೆಲ್ಲಗೆ ಜಾರಿಕೊಂಡು ಹೊರಗೆ ಬಾ. ಕೊನೆಗೆ, ಬರಲಿರುವ ಶಬ್ದದ ಮುಂದೆಯೇ ತುಟಿಯನ್ನು ಸಡಿಲ ಇಟ್ಟುಕೊ. 'ಭಾಲ್ಕಿ' ಎನ್ನುವಾಗ ಬಿಸಿ ಚಹಾದ ಬಸಿಗೆ ತುಟಿ ಎಷ್ಟು ತಾಗುತ್ತದೆಯೋ ಅಷ್ಟೇ ತಾಗಿಸಬೇಕು. ಹೇಳಲು ಸುಲಭ. ನನಗೆ ಒಂದೂವರೆ ವರ್ಷ ಹಿಡಿಯಿತು.

ಅದಕ್ಕಿಂತ ಕಠಿಣವಾದ ಪಾಠ ಇನ್ನೊಂದು, ಬೇಕೆಂದೇ ಉಗ್ಗುವುದು. ಅಂಗಡಿಗೆ ಹೋಗಿ ಬರುವ ಶಬ್ದದಲ್ಲೂ ಬೇಕೆಂದು ಉಗ್ಗಿ, ಎದುರಿನವರ ಮುಖ ನೋಡು ಎಂದರು. ಅಬಿಡ್ಸ್ ರಸ್ತೆಯಲ್ಲಿ ಹನ್ನೊಂದು ಅಂಗಡಿ ಹತ್ತಿಳಿದೆ. ಒಬ್ಬಾತ ನಕ್ಕ. ಒಬ್ಬಾತ ತಾನೇ ಶಬ್ದ ಪೂರ್ತಿ ಮಾಡಿದ. ಉಳಿದ ಒಂಬತ್ತು ಜನ ನಾನು ಕೇಳಿದ ವಸ್ತು ತೆಗೆದು ಕೊಟ್ಟರು, ರೊಕ್ಕ ತೆಗೆದುಕೊಂಡರು. ಜಗತ್ತು ಮುಳುಗಿಹೋಗುತ್ತದೆ ಎಂದು ನಾನು ಇಷ್ಟು ವರ್ಷ ನಂಬಿದ್ದೆನಲ್ಲ, ಅದು ಹಾಗಿರಲಿಲ್ಲ. ಮುಂದಿನ ಶನಿವಾರ ಬೀದರ ಸ್ಟೇಶನ್ನಿನ ಕಿಟಕಿಯಲ್ಲಿ ನಿಂತು ಉಗ್ಗುತ್ತ ಉಗ್ಗುತ್ತ ಭಾಲ್ಕಿಗೆ ಟಿಕೆಟ್ ಕೇಳಿದೆ. ಕಿಟಕಿಯಾತ ತಲೆ ಎತ್ತದೆ ಟಿಕೆಟ್ ಕೊಟ್ಟ.

ಬಾನುಲಿಯಲ್ಲಿ ಕೂತು ಇದನ್ನು ಹೇಳುವಾಗ ಉಗ್ಗುತ್ತಿದ್ದ ಒಬ್ಬ ಅರಸನ ನೆನಪಾಗದೆ ಇರದು. ಬ್ರಿಟನ್ನಿನ ಆರನೇ ಜಾರ್ಜ್ 1939ರ ಸೆಪ್ಟೆಂಬರ್ 3ರಂದು, ಬ್ರಿಟನ್ ಎರಡನೇ ಮಹಾಯುದ್ಧಕ್ಕೆ ಇಳಿದ ದಿನ, ಮೈಕಿನ ಮುಂದೆ ನಿಂತು ಪ್ರಜೆಗಳನ್ನು ಉದ್ದೇಶಿಸಿ ಮಾತಾಡಿದರು. ಲಯೊನೆಲ್ ಲೋಗ್ ಎಂಬ ಆಸ್ಟ್ರೇಲಿಯದ ಗುರು ಅವರಿಗೆ ವರ್ಷಗಟ್ಟಲೆ ಕಲಿಸಿದ್ದರು. ಆ ಧ್ವನಿಮುದ್ರಣದಲ್ಲಿ ಇವತ್ತಿಗೂ ಅವರು ನಿಲ್ಲುವ ಜಾಗಗಳು ಕೇಳುತ್ತವೆ. ಅಷ್ಟು ದೂರವೇಕೆ, ನಮ್ಮ ನೆರೆಯ ಕೇರಳದಲ್ಲಿ 1957ರಲ್ಲಿ ಮೊದಲ ಮುಖ್ಯಮಂತ್ರಿಯಾದ ಇ.ಎಂ.ಎಸ್. ನಂಬೂದಿರಿಪಾಡ್ ಬದುಕಿನುದ್ದಕ್ಕೂ ಉಗ್ಗುತ್ತಲೇ ಸಭೆಗಳಲ್ಲಿ ಮಾತಾಡಿದರು. ಜನ ಕಾದು ಕೇಳಿದರು. ಮಾತಿನಲ್ಲಿ ಸತ್ವವಿದ್ದರೆ ಕಾಯುವ ತಾಳ್ಮೆ ಜನರಿಗಿದೆ ಎಂದು ನಾನು ನಂಬಿದ್ದೇನೆ.

ನಾನು ಮಾಸ್ತರನಾದೆ, ಔರಾದ ತಾಲ್ಲೂಕಿನ ಹೈಸ್ಕೂಲಿನಲ್ಲಿ ಗಣಿತ. ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ಮರಾಠಿ. ಮೊದಲ ದಿನ ಕ್ಲಾಸಿಗೆ ಹೋಗಿ, ಹಾಜರಿ ಕರೆಯುವ ಮೊದಲೇ ಹೇಳಿದೆ: "ನೋಡ್ರಿ, ನಾ ಮಾತಾಡುವಾಗ ನಡುವ ನಿಲ್ತೀನಿ. ಸಣ್ಣಾಂವ ಇದ್ದಾಗಿಂದ ಹಿಂಗೇ ಅದ. ನಿಂತಾಗ ನೀವು ಶಬ್ದ ಹೇಳಿಕೊಡಬ್ಯಾಡ್ರಿ, ಕಾಯ್ರಿ." ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು, "ಎಷ್ಟೊತ್ತು ಕಾಯಬೇಕ್ರಿ ಸರ್?" "ನಾ ಮುಗಸೂತನಾ." ಅಷ್ಟಕ್ಕೇ ಮುಗಿಯಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಪ್ರತಿ ಜೂನಿನಲ್ಲೂ ಈ ಮಾತನ್ನೇ ಹೇಳಿದೆ. ಅವರಿಗೆ ಗೊತ್ತಿರಲಿ ಎಂದು ಹೇಳಿದರೆ ನನ್ನ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು, ಉಗ್ಗೂ ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು.

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗ ಓದಿಸುವ ದಿನ ಶಾಲೆ ತಪ್ಪಿಸುತ್ತಿದ್ದ. ಉಳಿದ ದಿನ ಹಾಜರಿ ಕರೆದಾಗ ಅವನ ಬದಲು ಅವನ ಗೆಳೆಯ "ಬಂದಾನ್ರಿ" ಎನ್ನುತ್ತಿದ್ದ. ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವನನ್ನು ಒಬ್ಬನನ್ನೇ ಕರೆದು ಏನೂ ಕೇಳಲಿಲ್ಲ. ಮರುದಿನದಿಂದ ಇಡೀ ಕ್ಲಾಸಿಗೆ ಹಾಜರಿಗೆ ಕೈ ಎತ್ತುವ ಪದ್ಧತಿ ಮಾಡಿದೆ. ಕನ್ನಡದ ಮಾಸ್ತರರಿಗೆ ಹೇಳಿ, ಇಬ್ಬಿಬ್ಬರು ಕೂಡಿ ದನಿಗೂಡಿಸಿ ಓದುವಂತೆ ಮಾಡಿದೆವು. ದೀಪಾವಳಿ ಕಳೆದ ಮೇಲೆ ಅವನು ತಾನಾಗಿ ಎದ್ದು, ಒಬ್ಬನೇ ಓದುತ್ತೇನೆ ಎಂದ. ಆರು ಸಾಲಿನ ಪ್ಯಾರಾ. ಒಂದೊಂದು ಸಾಲಿಗೂ ಅವನ ಕತ್ತಿನ ನರ ಬಿಗಿಯುತ್ತಿತ್ತು, ಬಲಗೈ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ನಾಲ್ವತ್ತು ಮಕ್ಕಳು ಉಸಿರೆತ್ತದೆ ಕೂತಿದ್ದರು. ಮುಗಿಸಿ ಕೂತ ಮೇಲೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಅದು ನನಗೆ ಸಂತೋಷವಾಯಿತು. ಉಳಿದವರು ಓದಿದಾಗಲೂ ಹೊಡೆದಿರಲಿಲ್ಲವಲ್ಲ. ಅವನ ಉಗ್ಗು ಹೋಗಲಿಲ್ಲ. ಈಗ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ದಿನವಿಡೀ ರೈತರ ಜೊತೆ ಚೌಕಾಸಿ ಮಾಡುತ್ತಾನೆ.

ನಾವು ಮಕ್ಕಳನ್ನು ಗದರಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ಒಂದು ನೋವಿನ ದಾಖಲೆ ಇದೆ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಚೆನ್ನಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೂ ನಿನ್ನ ಮಾತು ಸರಿಯಿಲ್ಲ, ತಪ್ಪಿಲ್ಲದೆ ಬಂದರೆ ಮಾತ್ರ ಮಾತಾಡು ಎಂದು ತಿದ್ದುತ್ತ ಹೋದರು. ಆ ಮಕ್ಕಳು ಮಾತನ್ನೇ ಕಡಿಮೆ ಮಾಡಿ ಮುದುಡಿಕೊಂಡರು. 2001ರಲ್ಲಿ ಆ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ನಮ್ಮ ಮನೆಗಳಲ್ಲಿ ಅದೇ ಪ್ರಯೋಗ ಯಾವ ದಾಖಲೆಯೂ ಇಲ್ಲದೆ ನಡೆಯುತ್ತಿದೆ. "ಸಾವಕಾಶ ಮಾತಾಡು", "ಉಸಿರು ತಗೊಂಡು ಹೇಳು", "ಮೊದಲಿಂದ ಹೇಳು" ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಮಗುವಿಗೆ ಕೇಳುವುದು ಮಾತ್ರ, ನಿನ್ನ ಮಾತು ತಪ್ಪು ಎಂದು. ಮಗುವಿಗೆ ಸಾವಕಾಶ ಎನ್ನುವ ಬದಲು ನೀವೇ ಸಾವಕಾಶ ಮಾತಾಡಿ. ಅದು ಏನು ಹೇಳುತ್ತಿದೆ ಎಂಬುದಕ್ಕೆ ಉತ್ತರ ಕೊಡಿ, ಹೇಗೆ ಹೇಳುತ್ತಿದೆ ಎಂಬುದಕ್ಕಲ್ಲ.

ಸಹಾಯ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ ಹೇಳುತ್ತೇನೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಆರಂಭವಾದದ್ದು, ಕೇಂದ್ರ ಆರೋಗ್ಯ ಸಚಿವಾಲಯದ್ದು, ಕನ್ನಡದಲ್ಲೇ ಚಿಕಿತ್ಸೆ ಸಿಗುತ್ತದೆ. ನಮಗೆ ಅದು ಸುಮಾರು 800 ಕಿಲೋಮೀಟರ್ ದೂರ. ಹತ್ತಿರದ್ದು ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ. ದೊಡ್ಡವರಿಗೆ 2008ರಲ್ಲಿ ಶುರುವಾದ ಭಾರತೀಯ ಉಗ್ಗುವವರ ಸಂಘವಿದೆ. ಅದರ ಗುಂಪುಗಳಲ್ಲಿ ಉಗ್ಗುವವರೇ ಸೇರಿ ಒಬ್ಬರಿಗೊಬ್ಬರು ಅಭ್ಯಾಸ ಮಾಡಿಸುತ್ತಾರೆ. ಅಕ್ಟೋಬರ್ 22 ಉಗ್ಗಿನ ಬಗ್ಗೆ ತಿಳಿವಳಿಕೆಯ ಅಂತರರಾಷ್ಟ್ರೀಯ ದಿನ. ನಮ್ಮ ಶಾಲೆಗಳು ಆ ದಿನ ಒಂದು ತಾಸು ಇದಕ್ಕೆ ಕೊಡಲಿ.

ಕೊನೆಯದಾಗಿ, ಮನೆಯಲ್ಲಿ ಸಣ್ಣ ಮಕ್ಕಳಿರುವ ಅವ್ವ-ಅಪ್ಪಂದಿರಲ್ಲಿ ನನ್ನ ಬೇಡಿಕೆ. ಮಗು ಮಾತಾಡುವಾಗ ಶಬ್ದ ಸಿಕ್ಕಿಕೊಳ್ಳುತ್ತಿದ್ದು, ಆರು ತಿಂಗಳಾದರೂ ಬಿಡದಿದ್ದರೆ, ಮುಖ ಬಿಗಿಯುತ್ತಿದ್ದರೆ ಅಥವಾ ಮಾತಾಡಲು ಹಿಂಜರಿಯುತ್ತಿದ್ದರೆ, ಬಿಟ್ಟುಹೋಗುತ್ತದೆ ಎಂದು ಕಾಯುತ್ತ ಕೂರಬೇಡಿ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಮಕ್ಕಳನ್ನು ಪರೀಕ್ಷಿಸಲು ಬರುತ್ತದೆ. ಅವರು ಎತ್ತರ ತೂಕ ನೋಡಿ ಹೋಗುವ ಮೊದಲು, ನನ್ನ ಮಗುವಿನ ಮಾತನ್ನೂ ಕೇಳಿರಿ ಎಂದು ನೀವೇ ಬಾಯಿ ಬಿಟ್ಟು ಹೇಳಿ.